ತಿಪ್ಪಕ್ಕನ ದನಿಗೆ ಓಡಿಬಂದ ಕುರಿಗಳು

ಸ್ಪೀಕರಿನಲ್ಲಿ ಹಾಡು ಶುರುವಾಗಿ ಮಕ್ಕಳು ಗಿಲಕಿ ಆಡಿಸುತ್ತಿದ್ದಂತೆ ದೊಡ್ಡಉಳ್ಳಾರ್ತಿಯ ನಮ್ಮ ಶಾಲೆಯ ಅಂಗಳಕ್ಕೆ ಕುರಿಮಂದೆಯೊಂದು ನುಗ್ಗಿತು. ತಪ್ಪಿಸಿಕೊಂಡ ಮರಿಯೊಂದರ ಕಥೆಗೆ ನಾನೇ ಚಿತ್ರ ಬರೆದು, ಮಕ್ಕಳು ತಾಳ ಹಾಕಲೆಂದು ಹಾಡುಗಳನ್ನೂ ಸೇರಿಸಿ ಕೈಬರಹದ ಪುಸ್ತಕ ಮಾಡಿದ್ದೆ. ಹಾಡಿನ ನಡುವೆ ಕುರಿ ಕರೆಯುವ ಕೂಗನ್ನು, ಊರಾಚೆಯ ಹುಲ್ಲುಗಾವಲಾದ ಕಾವಲಿನಲ್ಲಿ ಕುರಿ ಮೇಯಿಸುವ ತಿಪ್ಪಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿದ್ದೆ.

ಹಿಂದೆಯೇ ಓಡಿಬಂದ ತಿಪ್ಪಕ್ಕ ಕುರಿಗಳನ್ನು ಕರೆದಳು. ಒಂದೂ ಅವಳತ್ತ ನೋಡಲಿಲ್ಲ. ನಾನು ಹಾಡು ನಿಲ್ಲಿಸಿದರೂ ಸ್ಪೀಕರನ್ನೇ ಮೂಸುತ್ತ ನಿಂತವು. ಟಗರೊಂದು ಪುಸ್ತಕದ ಮುಖಪುಟ ತಿನ್ನತೊಡಗಿತು.

“ನಾನು ಇಲ್ಲೇ ನಿಂತೀನಲ್ರೀ ಮೇಷ್ಟ್ರೇ, ನನ್ ಕುರಿಗೆ ಆ ಡಬ್ಬಿ ಒಳಗಿರೋಳೇ ಹೆಚ್ಚಾದ್ಲಾ?” ಎಂದಳು. ಅವಳ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಬೇರೆ ದಾರಿ ಕಾಣದೆ ಮತ್ತೆ ಹಾಡು ಹಾಕಿ ಸ್ಪೀಕರನ್ನು ಅವಳ ಕೈಗಿಟ್ಟೆ. ಅದನ್ನು ತಲೆಯ ಮೇಲೆ ಹೊತ್ತು, ತನ್ನದೇ ದನಿಯನ್ನು ಬೈಯುತ್ತ ಅವಳು ಕಾವಲಿನತ್ತ ನಡೆದಳು. ಕುರಿಗಳು ಹಿಂಬಾಲಿಸಿದವು. ಅವುಗಳ ಹಿಂದೆ ಗಿಲಕಿ ಆಡಿಸುತ್ತ ಇಡೀ ಎರಡನೇ ತರಗತಿ ಹೊರಟಿತು.

ಪುಸ್ತಕ ಈಗ ಅಚ್ಚಾಗಿದೆ. ತನ್ನ ದನಿ ಬೇಡವೆಂದು ತಿಪ್ಪಕ್ಕ ಹಟ ಹಿಡಿದದ್ದರಿಂದ, ಅದರ ಜೊತೆಗಿನ ಹಾಡಿನಲ್ಲಿ ಆ ಕೂಗನ್ನು ನಾನೇ ಕೂಗಿದ್ದೇನೆ. ಕುರಿಗಳ ಮಾತಿರಲಿ, ಮಕ್ಕಳೂ ತಿರುಗಿ ನೋಡುವುದಿಲ್ಲ.