ಸಿಗದೇ ಹೋದ ಸೂಜಿಯ ತುದಿ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ನಿಜ ಹೇಳಿದವಳನ್ನು ಎಲ್ಲರ ಕಣ್ಣಲ್ಲಿ ಸುಳ್ಳಿ ಮಾಡಿ, ಅದೇ ಸಂಜೆ ಅದೇ ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದಿದ್ದೀರಾ? ನಾನು ಬಂದಿದ್ದೇನೆ. ಹನ್ನೊಂದು ವರ್ಷದ ಹಿಂದೆ. ಅವಳ ಹೆಸರು ಸೆಲ್ವಿ. ಸುಳ್ಳು ಹೇಳಿದ್ದು ನಾನು.

ಈ ಪೇಜಿನಲ್ಲಿ ನನ್ನ ಹಸುಗಳ ಕಥೆ, ಅತ್ತೆಯ ಕಥೆ ಓದಿ ನಗುವವರು ಇವತ್ತು ಸ್ವಲ್ಪ ತಡೆದುಕೊಳ್ಳಿ. ಇದು ನಗುವ ಕಥೆಯಲ್ಲ.

ಬಂಗಾರಪೇಟೆ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ನನ್ನ ಕೆಲಸ ಅಂತ ನಿಮಗೆ ಗೊತ್ತು. ಆಗ ನಾನು ಲೈನ್ ಲೀಡರ್ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನನ್ನ ಕೈಕೆಳಗೆ ನಲವತ್ತು ಹೆಂಗಸರು. ಹೊಲಿಯುತ್ತಿದ್ದದ್ದು ಕೂಸುಗಳ ಬಟ್ಟೆ, ಅಂಗೈಯಗಲದ ಅಂಗಿಗಳು. ಅಲ್ಲಿ ಒಂದು ನಿಯಮ ಇದೆ. ಮಿಷನ್ನಿನ ಸೂಜಿ ಮುರಿದರೆ ಅದರ ಎಲ್ಲ ಚೂರನ್ನೂ ಹುಡುಕಿ, ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಬೇಕು. ಒಂದು ಚೂರು ಕಮ್ಮಿ ಬಿದ್ದರೂ ಲೈನ್ ನಿಲ್ಲಬೇಕು. ಆ ಮಿಷನ್ನಿನ ಸುತ್ತ ಇದ್ದ ಬಟ್ಟೆಯನ್ನೆಲ್ಲ ಬೇರೆ ಇಟ್ಟು ಒಂದೊಂದಾಗಿ ನೋಡಬೇಕು. ಯಾಕೆ ಅಂತ ಹೇಳಬೇಕಾಗಿಲ್ಲ. ಕೂಸಿನ ಮೈಗೆ ಹಾಕುವ ಬಟ್ಟೆ.

ಅವತ್ತು ನನ್ನ ಲೈನು ಮೊದಲ ಸಲ ಟಾರ್ಗೆಟ್ ಮುಟ್ಟಿತ್ತು. ಬೋರ್ಡಿನ ಮೇಲೆ ನನ್ನ ಹೆಸರು ಬರೆಯುತ್ತಿದ್ದರು. ಬಸ್ಸು ಹೊರಡಲು ಕಾಲು ಗಂಟೆ ಇತ್ತು. ಸೆಲ್ವಿಯ ಸೂಜಿ ಮುರಿಯಿತು. ಎರಡು ಚೂರು ಸಿಕ್ಕಿತು, ತುದಿ ಸಿಗಲಿಲ್ಲ.

ಅವಳು ಆಯಸ್ಕಾಂತ ಹಿಡಿದು ಮಿಷನ್ ಕೆಳಗೆ ತೆವಳಿಕೊಂಡು ಹುಡುಕುತ್ತಿದ್ದಳು. ಸೆಲ್ವಿ ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸ್‌ನವಳು, ಗಣಿ ಕೆಲಸದವರ ಮಗಳು. ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ನಮ್ಮ ಬೇತಮಂಗಲದ ಕಡೆಯ ಮುನಿರತ್ನಮ್ಮ ಸುಮ್ಮನಿರುತ್ತಾಳಾ?

"ಏನಮ್ಮಿ ಸೆಲ್ವಿ, ಚಿನ್ನ ಉಡುಕ್ತಿದ್ದೀಯಾ? ಗಣಿ ಮುಚ್ಚಿ ಯಾವ್ ಕಾಲ ಆಯ್ತು, ಎದ್ದೇಳಮ್ಮಿ ಮ್ಯಾಕೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಗ್ಗಿ, ಸಣ್ಣ ದನಿಯಲ್ಲಿ ಅವಳಿಗೆ ಹೇಳಿದೆ: "ಸೆಲ್ವಿ, ಬಸ್ಸು ಓಗೋಯ್ತದೆ. ಎಲ್ಲೋ ಬಿದ್ದಿರ್ತದೆ ಬಿಡು."

ಅವಳು ಮಂಡಿಯೂರಿದ ಹಾಗೇ ತಲೆ ಎತ್ತಿದಳು. "ನಮ್ಮಪ್ಪ ಗಣೀಲಿ ಬಿಲ್ಲೆ ರೂಮಲ್ಲಿದ್ರು ಅಕ್ಕಾ. ಕೆಳಗೆ ಇಳಿಯೋನು ಹಿತ್ತಾಳೆ ಬಿಲ್ಲೆ ತಗೊಂಡ್ ಹೋಗ್ಬೇಕು, ಮೇಲೆ ಬಂದು ವಾಪಸ್ ಕೊಡ್ಬೇಕು. ಕೊಕ್ಕೇಲಿ ಒಂದು ಬಿಲ್ಲೆ ಕಮ್ಮಿ ಇದ್ರೆ ಒಬ್ಬ ಇನ್ನೂ ಒಳಗೇ ಇದಾನೆ ಅಂತ. ಎಲ್ಲೋ ಬಂದಿರ್ತಾನೆ ಬಿಡು ಅಂತ ಬೇರೆ ಬಿಲ್ಲೆ ನೇತಾಕಕ್ಕಾಗತ್ತಾ?"

ನಾನು ಬೇರೆ ಬಿಲ್ಲೆ ನೇತುಹಾಕಿದೆ.

ಕೊಟ್ಟು ಹೊಸದು ತರಲು ಇಟ್ಟಿದ್ದ ಒಂದು ಹಳೆಯ ಸೂಜಿ ನನ್ನ ಡಬ್ಬಿಯಲ್ಲಿತ್ತು, ಅದೇ ನಂಬರಿನದು. ಮೆಕ್ಯಾನಿಕ್ಕಿನ ಇಕ್ಕಳದಲ್ಲಿ ಅದರ ತುದಿ ಮುರಿದೆ. ರಿಜಿಸ್ಟರಿನಲ್ಲಿ ಅಂಟಿಸಿದೆ. "ಸಿಕ್ತು, ಎಲ್ರೂ ನಡೀರಿ!" ಅಂತ ಕೂಗಿದೆ. ಇಷ್ಟಕ್ಕೆ ಎಷ್ಟು ಹೊತ್ತು ಬೇಕಾಯಿತು ಅಂದುಕೊಂಡಿರಿ — ಒಂದು ಲೋಟ ನೀರು ಕುಡಿಯುವಷ್ಟು.

ಮಾರನೆಯ ಬೆಳಿಗ್ಗೆ ಸಹಿ ಹಾಕಲು ಬಂದ ಸೆಲ್ವಿ ರಿಜಿಸ್ಟರನ್ನು ಕಣ್ಣಿನ ಹತ್ತಿರ ಹಿಡಿದಳು. "ನನ್ ಸೂಜಿ ಹೊಸ್ದು ಅಕ್ಕಾ. ಇದರ ಮೊನೆ ಸವೆದಿದೆ. ಇದು ನಂದಲ್ಲ." ಸಹಿ ಹಾಕಲಿಲ್ಲ. ನೇರ ಮ್ಯಾನೇಜರ್ ರೂಮಿಗೆ ನಡೆದಳು. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು. ಅವರು ಕನ್ನಡಕ ತೆಗೆದು, ಹಾಕಿ, ಆ ಚೂರನ್ನು ನೋಡಿದರು. ಅವರಿಗೇನು ಗೊತ್ತಾಗಬೇಕು? ನನ್ನನ್ನೇ ಕೇಳಿದರು.

"ಸಿಕ್ತು ಸಾರ್. ನಾನೇ ಅಂಟಿಸಿದ್ದೀನಿ. ಇವ್ಳಿಗೆ ನಿನ್ನೆಯಿಂದ ತಲೆ ನೆಟ್ಟಗಿಲ್ಲ."

ಮೊದಲ ಎರಡು ಮಾತು ಸುಳ್ಳು ಮುಚ್ಚಲು. ಮೂರನೆಯದು — ಅದನ್ನು ಹೇಳಬೇಕಾಗಿರಲಿಲ್ಲ. ಯಾರೂ ಕೇಳಿರಲಿಲ್ಲ. ನಾನಾಗಿ ಹೇಳಿದೆ.

ಸೆಲ್ವಿ ಅಳಲಿಲ್ಲ, ಜಗಳವಾಡಲಿಲ್ಲ. ನನ್ನ ಕೈಯನ್ನು ನೋಡಿದಳು. ಮುಖವನ್ನಲ್ಲ, ಕೈಯನ್ನು.

ಅವಳನ್ನು ಮಿಷನ್ನಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಹಾಕಿದರು. ಬಸ್ಸಿನಲ್ಲಿ "ಸೂಜಿ ಸೆಲ್ವಿ" ಅಂತ ಹೆಸರಾಯಿತು. ಅವಳ ಪಕ್ಕದ ಸೀಟು ಖಾಲಿ. ಹಿಂದಿನ ಸೀಟಿನಲ್ಲಿ ನಾನು. ಅವಳ ಜಡೆ, ಜಡೆಯಲ್ಲಿ ಬಾಡಿದ ಕನಕಾಂಬರ — ಹದಿನೈದು ದಿನ ಅದನ್ನೇ ನೋಡಿಕೊಂಡು ಬಂದೆ. ಹದಿನಾರನೆಯ ದಿನ ಚಾಂಪಿಯನ್ ರೀಫ್ಸ್ ತಿರುವಿನಲ್ಲಿ ಬಸ್ಸು ನಿಂತಿತು. ಅವಳು ಹತ್ತಲಿಲ್ಲ.

ಬಟ್ಟೆ ಏನಾಯಿತು ಅಂತ ಕೇಳುತ್ತೀರಿ. ಕೊನೆಗೆ ಲೋಹ ಹಿಡಿಯುವ ಯಂತ್ರಕ್ಕೆ ಹಾಕಿದರು, ಅದು ಕೂಗಲಿಲ್ಲ. ತುದಿ ಕಸದಲ್ಲಿ ಹೋಯಿತೋ, ಯಂತ್ರಕ್ಕೆ ಕಾಣದಷ್ಟು ಸಣ್ಣದಿತ್ತೋ, ಯಾವ ದೇಶದ ಯಾವ ಕೂಸಿನ... ನನಗೆ ಗೊತ್ತಿಲ್ಲ. ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡಿದ್ದೆ. ಯಾರಿಗೂ ಏನೂ ಆಗಲಿಲ್ಲವಲ್ಲ, ನಲವತ್ತು ಜನ ಹೊತ್ತಿಗೆ ಮನೆ ಸೇರಿದರಲ್ಲ, ಅದರಲ್ಲಿ ಇಬ್ಬರು ಹಾಲುಣಿಸುವ ತಾಯಂದಿರು ಇದ್ದರಲ್ಲ ಅಂತ. ಈಗ ಬಿಡಿಸಿ ನೋಡಿದರೆ ಆ ತಾಯಂದಿರ ನೆನಪು ನನಗೆ ಬಂದದ್ದು ಆಮೇಲೆ. ಅಂಟಿಸುವಾಗ ಕಣ್ಣ ಮುಂದೆ ಇದ್ದದ್ದು ಬೋರ್ಡಿನ ಮೇಲಿನ ನನ್ನ ಹೆಸರು.

ಇನ್ನೊಂದೂ ಇದೆ. ನನ್ನ ಸುಳ್ಳು ನಡೆದದ್ದು ಯಾಕೆ? ಬೇರೆಯವರೆಲ್ಲ ಆ ರಿಜಿಸ್ಟರಿನಲ್ಲಿ ನಿಜವನ್ನೇ ಅಂಟಿಸುತ್ತಿದ್ದರು, ಅದಕ್ಕೆ. ಎಲ್ಲರೂ ನನ್ನ ಹಾಗೆ ಮಾಡಿದ್ದರೆ ಅದನ್ನು ನಂಬುವವರೇ ಇರುತ್ತಿರಲಿಲ್ಲ. ಅವರೆಲ್ಲರ ನಿಯತ್ತಿನ ಹಿಂದೆ ಅಡಗಿಕೊಂಡೆ. ಅಷ್ಟು ಸಾಲದು ಅಂತ ಒಬ್ಬ ಹೆಂಗಸನ್ನು ಅಡ್ಡ ಇಟ್ಟುಕೊಂಡೆ. ಕೂಸಿಗೆ ಏನೂ ಆಗದೇ ಇದ್ದರೂ ಇದು ಆಗಿದೆ.

ಹೋದ ತಿಂಗಳು ನಮ್ಮಲ್ಲಿ ಮತ್ತೆ ಒಂದು ಸೂಜಿ ಮುರಿಯಿತು. ತುದಿ ಇಲ್ಲ. ಈಗ ಈ ನಿಯಮದ ಪಾಠ ಹೇಳುವವಳೇ ನಾನು. ನಗಬೇಡಿ ಅಂದೆನಲ್ಲ. ಲೈನ್ ನಿಲ್ಲಿಸಿದೆ. ಬೈಗುಳ ತಿಂದು ಎರಡು ಗಂಟೆ ಹುಡುಕಿಸಿದೆ. ಸಿಕ್ಕಿತು. ಒಂದು ಪುಟ್ಟ ಅಂಗಿಯ ಕೊರಳಪಟ್ಟಿಯ ಮಡಿಕೆಯೊಳಗೆ, ಸರಿಯಾಗಿ ಗಂಟಲು ಬರುವ ಜಾಗದಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ.

ಆ ಭಾನುವಾರ ಚಾಂಪಿಯನ್ ರೀಫ್ಸ್‌ಗೆ ಹೋದೆ. ಸೆಲ್ವಿ ಬಾಗಿಲ ಬೆಳಕಿನಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ತಲೆ ಅರ್ಧ ನೆರೆತಿದೆ.

"ಏನಕ್ಕಾ, ದಾರಿ ತಪ್ಪಿ ಬಂದ್ಯಾ?"

ನಿಂತೇ ಎಲ್ಲ ಹೇಳಿದೆ. ಇಕ್ಕಳ, ಡಬ್ಬಿ, ಬೋರ್ಡು, ಎಲ್ಲ. ಅವಳ ಕಾಲು ಪೆಡಲಿನ ಮೇಲೆ ನಿಲ್ಲಲೇ ಇಲ್ಲ. ತೋಳಿನ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು ಅಂದಳು:

"ನನ್ ಹತ್ರ ಯಾಕಕ್ಕಾ ಹೇಳ್ತೀಯಾ? ನಂಗೆ ಅವತ್ತೇ ತೆರಿಯುಂ, ಗೊತ್ತಿತ್ತು. ಗೊತ್ತಿಲ್ದೋರ್ಗೆ ಹೇಳು."

ಗೋಡೆಯ ಮೇಲೆ ಹಾರ ಹಾಕಿದ ಅವರಪ್ಪನ ಫೋಟೋ ಇತ್ತು. ಅವಳು ಅದರ ಕಡೆ ನೋಡದೆಯೇ ಹೇಳಿದಳು: "ಬಸ್ಸಿನ ಮಾತು ಅಪ್ಪನ ಕಿವಿಗೂ ಬಂತು. ಒಂದ್ ದಿನ ಕೇಳ್ಬುಟ್ರು, ನಿಜ್ವಾಗ್ಲೂ ಸಿಕ್ಕಿರ್ಲಿಲ್ವಾಮ್ಮಾ ಅಂತ. ಅವರೂ ಅನುಮಾನಪಟ್ಟು ಕೇಳಿದ್ರಲ್ಲ, ಅದೇ ಸಾಕಾಯ್ತಕ್ಕಾ."

ಕ್ಷಮಿಸು ಅನ್ನಲು ಹೋಗಿದ್ದೆ. ಅನ್ನದೇ ಬಂದೆ.

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಬರೆದು ಕೊಟ್ಟಿದ್ದೇನೆ — ಅವತ್ತು ಅಂಟಿಸಿದ ತುದಿ ಬೇರೆ ಸೂಜಿಯದು, ಸೆಲ್ವಿ ಹೇಳಿದ್ದು ನಿಜ ಅಂತ. ಕೆಲಸ ಇರುತ್ತದೋ ಹೋಗುತ್ತದೋ, ಅದನ್ನು ಯೋಚಿಸಿ ಕೊಟ್ಟದ್ದಲ್ಲ. ಮುನಿರತ್ನಮ್ಮ, ಆ ಬಸ್ಸಿನಲ್ಲಿದ್ದ ನೀವೆಲ್ಲರೂ, ಓದುತ್ತಿದ್ದರೆ ಕೇಳಿ: ತುದಿ ಸಿಕ್ಕಿರಲಿಲ್ಲ. ಗೊತ್ತಿಲ್ಲದವರಲ್ಲಿ ಒಬ್ಬರಿಗೆ ಮಾತ್ರ, ಆ ಫೋಟೋದಲ್ಲಿರುವವರಿಗೆ, ಇದನ್ನು ಇನ್ನು ಹೇಳಲಾಗುವುದಿಲ್ಲ.

ನೀವೂ ಹೀಗೆ ಯಾರನ್ನಾದರೂ ಸುಳ್ಳರನ್ನಾಗಿ ಮಾಡಿದ್ದರೆ ಕೆಳಗೆ ಬರೆಯಿರಿ. ನನಗೆ ಸಮಾಧಾನ ಹೇಳಬೇಡಿ, ನಿಮ್ಮ ಕಾರಣಗಳನ್ನೂ ಬರೆಯಬೇಡಿ. ಅವತ್ತು ನಿಜ ಹೇಳಿದ್ದು ಯಾರು, ಏನು ಹೇಳಿದ್ದರು, ಅಷ್ಟು ಬರೆಯಿರಿ. ಅವರ ಮನೆಯಲ್ಲಿ ಕೇಳುವವರು ಇನ್ನೂ ಇದ್ದಾರೇನೋ.