ಅತ್ತೆಯ ದಮ್ಮು

ನಮ್ಮ ಸೋದರತ್ತೆಯ ಬಾಯಲ್ಲಿ ದಮ್ಮು ಅಂದರೆ ಧೈರ್ಯ, ಬೇರೇನೂ ಅಲ್ಲ. ಮೂರಂತಸ್ತಿನ ಕಚೇರಿಯ ಶೌಚಾಲಯಗಳನ್ನೆಲ್ಲ ಹದಿನೆಂಟು ವರ್ಷ ಒಬ್ಬಳೇ ತೊಳೆದವಳು. ಮ್ಯಾನೇಜರನ್ನೂ ಬಿಡದೆ "ನಿಮಗೆಲ್ಲಿದೆ ದಮ್ಮು?" ಎಂದು ಕೆಣಕುತ್ತಿದ್ದಳು.

ಒಂದು ಬೆಳಿಗ್ಗೆ ಹಠಮಾರಿ ಕಲೆಯೊಂದು ಆಸಿಡ್ಡಿಗೂ ಜಗ್ಗಲಿಲ್ಲ. ಅತ್ತೆ ಅದರ ಮೇಲೆಯೇ ಬ್ಲೀಚಿಂಗ್ ಪುಡಿ ಸುರಿದಳು. ಎರಡೂ ಸೇರಿದರೆ ಕೆಲಸ ಬೇಗ ಮುಗಿಯುತ್ತದೆಂಬುದು ಅವಳ ವಿಜ್ಞಾನ. ಘಾಟು ಹೊಗೆ ಎದ್ದರೂ ಹೊರಗೆ ಓಡದೆ, ಮೂಗಿಗೆ ಬಟ್ಟೆ ಒತ್ತಿಕೊಂಡು ಉಜ್ಜಿಯೇ ಉಜ್ಜಿದಳು. ಕಲೆ ಹೋಯಿತು. ಅವಳೂ ಹೋಗುವುದರಲ್ಲಿದ್ದಳು.

ವಿಷಯ ತಿಳಿದು ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ನಾನು ಚೀಟಿಯ ಸಾಲಿನಲ್ಲಿದ್ದಾಗ, ಒಳಗೆ ಡಾಕ್ಟರಮ್ಮ ಕೇಳಿದರಂತೆ, "ಎದೆ ಸುಯ್ ಅಂತಿದೆ. ಮೊದಲಿಂದ್ಲೂ ದಮ್ಮು ಇದ್ಯೇನಮ್ಮಾ?"

"ಹುಟ್ಟಿದಾಗಿಂದ! ನಮ್ಮನೆ ಹೆಣ್ಮಕ್ಕಳಿಗೆಲ್ಲ ಇದೆ!"

ಕೆಲಸಕ್ಕೆ ಕುತ್ತು ಬಂದೀತೆಂದು ಹೊಗೆಯ ಸುದ್ದಿಯನ್ನು ಈ ಮಹಾತಾಯಿ ಎತ್ತಲೇ ಇಲ್ಲ. ಪಾಪ, ಡಾಕ್ಟರಮ್ಮ ಹಳೇ ಉಬ್ಬಸವೆಂದು ಬರೆದುಕೊಂಡು, ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು ಕಳಿಸಿದರು. ಅತ್ತೆ ಗೆದ್ದವಳಂತೆ ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತ್ತು. ಕೆಮ್ಮಿದರೆ ನೊರೆ. "ಏನಿಲ್ಲ... ಕಣೇ... ಸ್ವಲ್ಪ... ಸುಸ್ತು." ಅಷ್ಟು ಹೇಳಲು ನಾಲ್ಕು ಸಲ ಉಸಿರು ಎಳೆದುಕೊಂಡಳು. ಆಟೋ ಹತ್ತಿಸಿ ಮತ್ತೆ ಅದೇ ಆಸ್ಪತ್ರೆಗೆ ಕರೆದೊಯ್ದೆ.

"ಉಬ್ಬಸ ಎಷ್ಟು ವರ್ಷದ್ದು?" ಎಂದು ಡಾಕ್ಟರಮ್ಮ ಈ ಸಲ ನನ್ನನ್ನು ಕೇಳಿದರು.

"ಯಾರಿಗೆ ಉಬ್ಬಸ? ನಿನ್ನೆ ಹೊಗೆ ಕುಡಿದಿದ್ದನ್ನ ಹೇಳ್ಲಿಲ್ವಾ?"

ಡಾಕ್ಟರಮ್ಮನ ಮುಖ ಬಿಳಿಚಿತು. "ಇಂಥ ಗಾಳಿ ಒಳಗೆ ಹೋದ್ರೆ ಮೊದಲ ದಿನ ಚೆನ್ನಾಗೇ ಕಾಣ್ತಾರಮ್ಮ. ಆಮೇಲೆ ಉಸಿರಿನ ದಾರಿ ಊದ್ಕೊಳುತ್ತೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಮೇಲೆ ಸೋಂಕು ಬೇರೆ ತಗಲಬಹುದು. ಗಂಟಲಿಗೆ ಕೊಳವೆ ಹಾಕ್ಬೇಕಾಗುತ್ತೆ, ಈಗ್ಲೇ."

ಹಾಸಿಗೆಯ ಮೇಲಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಆಮ್ಲಜನಕದ ಮುಖವಾಡ ಸರಿಸಿ ನನ್ನ ಮಣಿಕಟ್ಟು ಹಿಡಿದಳು. "ಭಯ ಆಗ್ತಿದೆ ಕಣೇ. ಇಲ್ಲೇ ಇರು."

ನನಗೆ ಅಳು ತಡೆಯಲಾಗಲಿಲ್ಲ.

ಸೋಂಕೂ ತಗಲಿತು, ಹನ್ನೊಂದು ದಿನ ಅಲ್ಲೇ ಇದ್ದೆ. ಅವಳು ಉಳಿದಳು. ಈಗ ಗೋಡೆಯ ಬಣ್ಣದ ವಾಸನೆಗೂ ಎದೆ ಬಿಗಿಯುತ್ತದೆ, ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲುತ್ತಾಳೆ. ಮೊನ್ನೆ ಕಚೇರಿಯ ನಡುಮೆಟ್ಟಿಲಲ್ಲಿ ಎದುರಾದ ಮ್ಯಾನೇಜರಿಗೆ ಅವಳೇ ಹೇಳಿದಳು, "ನನ್ ಕೈಲಿ ಆಗ್ತಿಲ್ಲ ಸಾರ್. ಸ್ವಲ್ಪ ಕೈ ಹಿಡ್ಕೊಳ್ಳಿ."