ಚಾಪೆ ಎತ್ತಿದ್ದು ಅಪ್ಪ

ನಮ್ಮ ದ್ವೀಪದ ರಾಜಧಾನಿ ಅಪಿಯಾದಲ್ಲಿ ಸರಕಾರದ ಪರ ಸಿವಿಲ್ ದಾವೆ ನಡೆಸುತ್ತಿದ್ದ ವಕೀಲೆ ಫುವಟಿನೊ ನಗುತ್ತ ಕಡತ ಕೇಳಿದಳೆಂದರೆ ಎದುರು ಪಕ್ಷದವನ ಕಥೆ ಮುಗಿಯಿತೆಂದೇ ನಮ್ಮ ಕಚೇರಿಯ ಲೆಕ್ಕ. ಹತ್ತೊಂಬತ್ತು ವರ್ಷ ಆ ಕಡತಗಳನ್ನು ಕೊಟ್ಟವಳು ನಾನೇ. ರಸ್ತೆಗುಂಡಿಗೆ ಬಿದ್ದು ಕಾಲು ಮುರಿದುಕೊಂಡವನ ದಾವೆಯಿರಲಿ, ದೋಣಿ ನಿಲ್ಲುವ ಜೆಟ್ಟಿ ಕಟ್ಟಿದ ಗುತ್ತಿಗೆದಾರನದಿರಲಿ, ಅವಳು ಒಂದು ಹಾಳೆಯನ್ನೂ ಓದದೆ ಬಿಟ್ಟವಳಲ್ಲ.

ಒಂದು ದಿನ ಸೆಪುಲೋನನ ದಾವೆ ಬಂತು. ಅವನು ದಕ್ಷಿಣ ತೀರದ ಒಂದೂರಿನ ಯಜಮಾನ. ರಸ್ತೆ ಅಗಲ ಮಾಡಲು ಸರಕಾರ ಹಿಡಿದ ಜಾಗ ತನ್ನ ಮನೆತನದ್ದು, ಪರಿಹಾರ ಕೊಡಿ ಎಂದಿದ್ದ. ಫುವಟಿನೊ ಹುಟ್ಟಿದ್ದು ಅದೇ ಜಾಗದಲ್ಲಿ. ಅವಳಿಗೆ ಎಂಟು ವರ್ಷವಾಗಿದ್ದಾಗ, ಅವಳಪ್ಪ ಪೆಸಮಿನೊ ಬೇರೆ ಚರ್ಚಿಗೆ ಹೋದನೆಂದು ಊರ ಸಭೆ ಸೇರಿಸಿ, ಬಹಿಷ್ಕಾರ ಹಾಕಿಸಿ, ಮನೆಗೆ ಬೆಂಕಿ ಇಡಿಸಿದವನು ಈ ಸೆಪುಲೋನ.

"ಈ ಕಡತ ಬೇರೆಯವ್ರಿಗೆ ಹೋಗ್ಬೇಕಲ್ವೇನೇ?" ಎಂದೆ.

"ಹೋಗಿ ಸಾಹೇಬ್ರಿಗೆ ಹೇಳಕ್ಕಾ, ಯಾರ್ ಬೇಡ ಅಂದ್ರು?"

ನಾನು ಹೇಳಲಿಲ್ಲ. ಆ ಮುದುಕನನ್ನು ನೆನೆದರೆ ನನಗೂ ಮೈ ಉರಿಯುತ್ತಿತ್ತು.

ನಾಲ್ಕು ದಿನ ಹಳೆಯ ದಾಖಲೆಗಳ ಧೂಳು ತಿಂದು ಒಂದು ಕಾಗದ ಹುಡುಕಿಕೊಟ್ಟೆ. ಬೆಂಕಿಯ ವಿಚಾರ ಪೊಲೀಸರು ಕೇಳಿದಾಗ ಸೆಪುಲೋನ ಪ್ರಮಾಣ ಮಾಡಿ ಬರೆದುಕೊಟ್ಟಿದ್ದು: ಆ ಜಾಗ ಸರಕಾರದ್ದು, ಪೆಸಮಿನೊ ಹಕ್ಕಿಲ್ಲದೆ ಕೂತಿದ್ದ. ಶುದ್ಧ ಸುಳ್ಳು. ಅದು ಪೆಸಮಿನೊನ ಅಜ್ಜನ ಕಾಲದ ಜಾಗ. ಫುವಟಿನೊ ಓದಿ ನಕ್ಕಳು.

"ಇವನ ಮಾತಿಂದ್ಲೇ ಇವನನ್ನ ಮುಗಿಸ್ತೀನಿ."

ನಿಯಮದಂತೆ ಕಾಗದದ ಪ್ರತಿ ಎದುರು ವಕೀಲನಿಗೂ ಹೋಯಿತು. ವಿಚಾರಣೆಯ ದಿನ ಬೆಳಿಗ್ಗೆ ಕಡತದ ಪೆಟ್ಟಿಗೆ ಒಯ್ಯಲು ನಾನು ಅವಳ ಮನೆಗೆ ಕಾರು ತಂದರೆ, ಅಂಗಳದಲ್ಲಿ ಸೆಪುಲೋನ ತಲೆ ತಗ್ಗಿಸಿ ಕೂತಿದ್ದ, ಮೈಮೇಲೆ ಮನೆತನದ ನಯವಾದ ಚಾಪೆ ಹೊದ್ದುಕೊಂಡು. ಹಿಂದೆ ಅವನ ಇಡೀ ಬಳಗ. ಕ್ಷಮೆ ಕೇಳುವ ನಮ್ಮ ಪದ್ಧತಿ ಅದು; ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ.

"ಕೂತಿರ್ಲಿ. ಬಿಸಿಲು ಚೆನ್ನಾಗಿ ಏರ್ಲಿ," ಎಂದಳು ಫುವಟಿನೊ.

ಕೋಲೂರಿಕೊಂಡು ಪೆಸಮಿನೊ ಹೊರಗೆ ಬಂದ. ಚಾಪೆಯೊಳಗಿನಿಂದ ಸೆಪುಲೋನನ ದನಿ ಬಂತು.

"ತಪ್ಪಾಯ್ತು, ಪೆಸಮಿನೊ. ರಸ್ತೆಗೆ ಹೋಗಿ ಉಳಿದಿರೋ ಜಾಗ ನೀನೇ ಇಟ್ಕೋ, ಊರಿಗೆ ಬಾ. ಆ ಕಾಗದ ಮಾತ್ರ ತೋರಿಸ್ಬೇಡ ಅಂತ ಮಗಳಿಗೆ ಹೇಳು."

ಪೆಸಮಿನೊ ಬಗ್ಗಿ ಚಾಪೆ ಎತ್ತಿದ. ಇಬ್ಬರೂ ಕೂತು ಕೋಕೋ ಕುಡಿದರು. ಪೆಸಮಿನೊನ ಕಣ್ಣಲ್ಲಿ ನೀರಿತ್ತು. "ಊರಲ್ಲೇ ಸಾಯ್ಬೋದು ಮಗಾ. ನಂಗಷ್ಟು ಸಾಕು," ಎಂದ. ಫುವಟಿನೊ ಕರಿ ಗೌನು ತೋಳಿಗೆ ಹಾಕಿಕೊಂಡಳು.

"ಚಾಪೆ ಎತ್ತಾಯ್ತಲ್ಲೇ," ಎಂದೆ ಕಾರಿನಲ್ಲಿ.

"ಎತ್ತಿದ್ದು ಅಪ್ಪ. ಇವತ್ತು ನಾನು ಸರಕಾರ."

ಸೆಪುಲೋನ ನಿರಾಳವಾಗಿ ಸಾಕ್ಷಿಕಟ್ಟೆ ಹತ್ತಿದ. ಚಾಪೆ ಎತ್ತಿದ ಮೇಲೆ ಯಾರೂ ಮಾತು ಮುರಿಯುವುದಿಲ್ಲವೆಂಬ ನಂಬಿಕೆ ಅವನದು. ಅವಳು ಕಾಗದ ಮುಂದಿಟ್ಟಳು.

"ಯಜಮಾನ್ರೇ, ಈ ಸಹಿ ನಿಮ್ದೇನಾ?"

"ಚಾಪೆ ಎತ್ತಿದ್ರಲ್ಲಮ್ಮಾ."

"ನಾನು ಸಹಿ ಕೇಳಿದ್ದು."

"ನಂದೇ."

"ಇದ್ರಲ್ಲಿ ಬರ್ದಿರೋದು ನಿಜಾನಾ, ಇಲ್ಲ ಪ್ರಮಾಣ ಮಾಡಿ ಸುಳ್ಳು ಬರ್ದ್ರಾ?"

ಸುಳ್ಳೆಂದರೆ ಜೈಲು, ನಿಜವೆಂದರೆ ದಾವೆ ಸೋತ ಹಾಗೆ. ಅವನು "ನಿಜ" ಎಂದ. ನನಗೆ ಎಷ್ಟು ಖುಷಿಯಾಯಿತೆಂದು ಈಗ ಹೇಳಲು ನಾಚಿಕೆ.

ಮಧ್ಯಾಹ್ನ ದಾವೆ ವಜಾ ಆಯಿತು. ಜಾಗವೆಲ್ಲ ಸರಕಾರದ್ದು, ಪೆಸಮಿನೊನ ಮನೆಯವರು ಅಲ್ಲಿ ಹಕ್ಕಿಲ್ಲದೆ ವಾಸವಿದ್ದರು ಎಂದು ನ್ಯಾಯಾಧೀಶರು ಓದಿದರು. ಆ ಸಾಲು ಫುವಟಿನೊಳ ವಾದಪತ್ರದಲ್ಲೇ ಇತ್ತು. ಟೈಪ್ ಮಾಡಿದವಳು ನಾನು.

ವಿಚಾರಣೆ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಪೆಸಮಿನೊ ಹೊರಗೆ ಮೆಟ್ಟಿಲ ಮೇಲೆ ಮಗಳನ್ನು ನಿಲ್ಲಿಸಿದ.

"ನಾನು ಹಕ್ಕಿಲ್ದೆ ಕೂತಿದ್ದೆ ಅಂತ ನ್ಯಾಯಾಧೀಶರಿಗೆ ಹೇಳಿದ್ಯಾರು?"

"ನಾನೇ, ಅಪ್ಪ."

"ಸೆಪುಲೋನ ನಂಗೆ ಅಂದಿದ್ದೂ ಅದೇ. ಅವನು ಇವತ್ತು ಬೆಳಿಗ್ಗೆ ತಪ್ಪಾಯ್ತು ಅಂದ."

ನಾನು ಕಾರಿನ ಬಾಗಿಲು ತೆರೆದು ಹಿಡಿದಿದ್ದೆ. ಪೆಸಮಿನೊ ನಮ್ಮನ್ನು ದಾಟಿ, ಕೋಲೂರುತ್ತ ಹೋಗಿ ಊರಿಗೆ ಹೊರಟಿದ್ದ ಸೆಪುಲೋನನ ಪಿಕಪ್ ಗಾಡಿ ಹತ್ತಿ ಕೂತ.